ಅಳುಕು ಎಲ್ಲಿ ಹೋಗುತ್ತದೆ?

ಕೊಡಗಿನ ಉತ್ತರದ ತುದಿಯಲ್ಲಿ, ಹಾಸನ ಜಿಲ್ಲೆಯ ಗಡಿಗೆ ತಾಗಿಕೊಂಡಿರುವ ಶನಿವಾರಸಂತೆಯ ಸುತ್ತಮುತ್ತ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಮಾರಾಟದ ಓಡಾಟ ಶುರುವಾಗುತ್ತದೆ. ಕಣದಲ್ಲಿ ಒಣಗಿದ ರೊಬಸ್ಟಾ ಚೆರಿ 50 ಕೆ.ಜಿ. ಚೀಲಗಳಲ್ಲಿ ಪಿಕಪ್ ಏರಿ ವ್ಯಾಪಾರಿಯ ಗೋದಾಮಿಗೆ ಬರುತ್ತದೆ. ವ್ಯಾಪಾರಿ ಚೀಲದಿಂದ ಒಂದಿಷ್ಟು ಕಾಯಿ ತೆಗೆದು, ಸಿಪ್ಪೆ ಬಿಡಿಸಿ, ಬೇಳೆಯನ್ನು ತೂಗಿ 'ಓಟಿ' ಎಷ್ಟೆಂದು ಹೇಳುತ್ತಾನೆ. ತೇವಾಂಶ ಅಳೆಯುವ ಪುಟ್ಟ ಯಂತ್ರದ ಮೇಲೆ ಇನ್ನೊಂದು ಅಂಕಿ ಮೂಡುತ್ತದೆ. 50 ಕೆ.ಜಿ. ಚೆರಿಯಲ್ಲಿ 26 ಕೆ.ಜಿ. ಬೇಳೆ ಇದೆಯೋ 28 ಕೆ.ಜಿ. ಇದೆಯೋ ಎಂಬುದರ ಮೇಲೆ ಬೆಳೆಗಾರನ ವರ್ಷದ ದುಡಿಮೆಯ ಬೆಲೆ ನಿಂತಿದೆ.

ಮೋಸಕ್ಕೆ ಇದಕ್ಕಿಂತ ಸಲೀಸಾದ ಜಾಗ ಬೇಕಿಲ್ಲ. ವ್ಯಾಪಾರಿ ಓಟಿಯನ್ನು ಒಂದಂಕಿ ಇಳಿಸಿ ಹೇಳಬಹುದು. ಬೆಳೆಗಾರ ಸರಿಯಾಗಿ ಒಣಗದ ಕಾಯಿಯನ್ನು ಚೀಲದ ನಡುವೆ ಸೇರಿಸಬಹುದು. ಎರಡೂ ನಡೆಯುವುದುಂಟು. ಆದರೆ ಅವೇ ರೂಢಿಯಾಗಿದ್ದರೆ ಈ ವ್ಯಾಪಾರ ಒಂದು ಹಂಗಾಮನ್ನೂ ದಾಟುತ್ತಿರಲಿಲ್ಲ. ಅಲ್ಲಿ ಯಾವ ಇನ್‌ಸ್ಪೆಕ್ಟರೂ ನಿಂತಿರುವುದಿಲ್ಲ. ಇಬ್ಬರೂ ನಾಳೆ ಮದುವೆಮನೆಯಲ್ಲಿ, ಜಾತ್ರೆಯಲ್ಲಿ, ಶನಿವಾರದ ಸಂತೆಯಲ್ಲಿ ಎದುರಾಗುವವರು. ಸುಳ್ಳು ಅಂಕಿ ಬಾಯಿಗೆ ಬರುವ ಮುನ್ನವೇ ಒಳಗೆ ಒಂದು ಅಳುಕು ಹುಟ್ಟುತ್ತದೆ, ಬಹುತೇಕ ಸಲ ಅದೇ ನಾಲಿಗೆಯನ್ನು ತಡೆಯುತ್ತದೆ. ಇದೇ ಮನುಷ್ಯ ಒಂದು ಸಂಘದ ಆಡಳಿತ ಮಂಡಳಿಗೆ, ಕಂಪನಿಗೆ ಅಥವಾ ಸರ್ಕಾರಿ ಇಲಾಖೆಗೆ ಸೇರಿದಾಗ ಆ ಅಳುಕಿಗೆ ಏನಾಗುತ್ತದೆ? ಕಳೆದ ಐವತ್ತು ವರ್ಷಗಳಲ್ಲಿ ಮನೋವಿಜ್ಞಾನ ಮತ್ತು ನರವಿಜ್ಞಾನಗಳು ಈ ಪ್ರಶ್ನೆಯ ಬೆನ್ನುಹತ್ತಿವೆ.

ತಪ್ಪು ಮಾಡುವವರಿಗೆ ಬುದ್ಧಿ ಕಡಿಮೆ, ಭಾವನೆ ಹೆಚ್ಚು ಎಂಬ ನಂಬಿಕೆ ಹಳೆಯದು. ಕೋಪ, ಆಸೆ, ಮೋಹಗಳನ್ನು ಹೊರಗಿಟ್ಟು ತಣ್ಣಗೆ ಯೋಚಿಸಿದರೆ ಸರಿದಾರಿ ತಾನಾಗಿ ಕಾಣುತ್ತದೆ ಎಂದುಕೊಳ್ಳುತ್ತೇವೆ. ನರವಿಜ್ಞಾನಿ ಆಂಟೋನಿಯೋ ಡಮಾಸಿಯೊ 1994ರ ತಮ್ಮ ಪುಸ್ತಕದಲ್ಲಿ 'ಎಲಿಯಟ್' ಎಂದು ಹೆಸರಿಟ್ಟು ವಿವರಿಸಿದ ರೋಗಿಯ ಕಥೆ ಈ ನಂಬಿಕೆಯನ್ನು ಅಲ್ಲಾಡಿಸಿತು. ಎಲಿಯಟ್‌ಗೆ ಹಣೆಯ ಹಿಂದಿನ ಮಿದುಳಿನ ಭಾಗವನ್ನು ಒತ್ತುತ್ತಿದ್ದ ಗೆಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದರು. ಅದರ ಜೊತೆ ಹಾಳಾಗಿದ್ದ ಒಂದಿಷ್ಟು ಮಿದುಳೂ ಹೋಯಿತು. ಅವನ ನೆನಪು, ಮಾತು, ಲೆಕ್ಕ ಎಲ್ಲ ಚೆನ್ನಾಗಿಯೇ ಇದ್ದವು. ನೈತಿಕ ಇಕ್ಕಟ್ಟುಗಳ ಬಗ್ಗೆ ಪ್ರಶ್ನೆ ಕೇಳಿದರೆ ಒಪ್ಪುವಂಥ ಉತ್ತರ ಕೊಡುತ್ತಿದ್ದ. ಆದರೆ ಕೆಲಸ ಕಳೆದುಕೊಂಡ, ಬೇಡದವರೊಡನೆ ವ್ಯವಹಾರಕ್ಕಿಳಿದು ಉಳಿತಾಯ ಮುಳುಗಿಸಿದ, ಸಂಸಾರವೂ ಒಡೆಯಿತು. ಅದನ್ನೆಲ್ಲ ಬೇರೆ ಯಾರದೋ ಕಥೆಯೆಂಬಂತೆ ನಿರ್ಲಿಪ್ತವಾಗಿ ಹೇಳುತ್ತಿದ್ದ. ಘೋರ ಚಿತ್ರಗಳನ್ನು ತೋರಿಸಿದರೂ ಇಂಥ ರೋಗಿಗಳ ಅಂಗೈ ಬೆವರುವುದಿಲ್ಲ. ಸರಿ ಯಾವುದು, ತಪ್ಪು ಯಾವುದು ಎಂಬ ತಿಳಿವಳಿಕೆ ಅವರಲ್ಲಿ ಉಳಿದಿದೆ. ಆ ತಿಳಿವಳಿಕೆ ಅವರನ್ನು ತಡೆಯುವುದಿಲ್ಲ ಅಷ್ಟೇ. ಹಾಗಾದರೆ ಅಳುಕನ್ನು ವಿವೇಕದ ಶತ್ರುವೆಂದು ನೋಡುವುದೇ ತಪ್ಪು. ವಿವೇಕಕ್ಕೆ ಕೈಕಾಲು ಕೊಡುವುದೇ ಅದು.

ಇಷ್ಟು ಹೇಳಿ ಭಾವನೆಯನ್ನು ಮೆಚ್ಚಿ ಮುಂದೆ ಹೋಗುವಂತಿಲ್ಲ. ಕೊಡಗಿನ ಕಾಫಿಯ ಚರಿತ್ರೆಯಲ್ಲೇ ಅದರ ಇನ್ನೊಂದು ಮುಖವಿದೆ.

ಎರಡನೇ ಮಹಾಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿಹಾಕಿದಾಗ ಭಾರತದ ಕಾಫಿ ಬೆಳೆಗಾರ ಕಂಗಾಲಾದ. ಅವನನ್ನು ಉಳಿಸಲು ಬಂದದ್ದು 1942ರ ಕಾಫಿ ಕಾಯ್ದೆ. ಬೆಳೆಗಾರ ತನ್ನ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕು. ಮನೆ ಬಳಕೆಗೆ, ಬೀಜಕ್ಕೆ ಮಾತ್ರ ಒಂದಿಷ್ಟು ವಿನಾಯಿತಿ. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರುತ್ತಿತ್ತು. ಅದನ್ನೇ ಜನ 'ಪೂಲ್' ಎಂದರು. ಮಂಡಳಿ ಅದನ್ನು ಹರಾಜಿನಲ್ಲಿ ಮಾರಿ, ದರ್ಜೆಗೆ ತಕ್ಕಂತೆ ಅಂಕ ಹಾಕಿ, ಬಂದ ಹಣವನ್ನು ಕಂತುಗಳಲ್ಲಿ ಹಂಚುತ್ತಿತ್ತು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಪೂಲ್ ಮಾತ್ರ ಉಳಿಯಿತು. ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ಕೊಯ್ಲೇ ಬಂದಿರುತ್ತಿತ್ತು. ಮಗಳ ಮದುವೆಗೆಂದು ತಾನೇ ಬೆಳೆದ ಕಾಫಿಯ ಹತ್ತು ಚೀಲವನ್ನು ತಾನೇ ಮಾರಿದರೆ ಅದು ಅಪರಾಧ.

ಪೂಲಿನ ಹೊರಗೆ ಕಾಫಿ ಕೈಬದಲಾಗುತ್ತಿತ್ತು, ರಾತ್ರಿ ಹೊತ್ತು ಸಾಗುತ್ತಿತ್ತು ಎಂಬುದು ಕಾಫಿ ಸೀಮೆಯ ಹಿರಿಯರಿಗೆ ಹೊಸ ವಿಷಯವಲ್ಲ. ನೆರೆಯವನ ಕಣದಿಂದ ಒಂದು ಹಿಡಿ ಕಾಯಿ ಎತ್ತಲು ಒಪ್ಪದ ಮನುಷ್ಯನಿಗೂ ತನ್ನ ಕಾಫಿಯನ್ನು ಕಾನೂನಿನ ಕಣ್ಣು ತಪ್ಪಿಸಿ ಮಾರುವಾಗ ಅಳುಕು ಹುಟ್ಟುತ್ತಿರಲಿಲ್ಲ. ಸಿಕ್ಕಿಬೀಳುವ ಭಯವಿತ್ತು, ತಪ್ಪು ಮಾಡಿದೆನೆಂಬ ಕೊರಗಿರಲಿಲ್ಲ. ತನಗೆ ಅನ್ಯಾಯವಾಗಿದೆ ಎಂಬ ಕುದಿತ ಆ ಕೊರಗಿನ ಜಾಗವನ್ನು ಹಿಡಿದಿತ್ತು. ಅವನ ಸಿಟ್ಟಿಗೆ ಕಾರಣವಿತ್ತು ಎಂದು ನಾನು ನಂಬುತ್ತೇನೆ. ಆದರೆ ಇದರ ಲೆಕ್ಕ ಪೂರ್ತಿ ಮಾಡಬೇಕು. ಪೂಲ್ ಎಂದರೆ ಎಲ್ಲರ ಕಾಫಿಯ ಸರಾಸರಿ. ಹೊರಗೆ ಹೆಚ್ಚು ಬೆಲೆಗೆ ಜಾರಿದ ಪ್ರತಿ ಚೀಲವೂ ಕಾನೂನಿಗೆ ತಲೆಬಾಗಿ ಕಾಫಿ ಒಪ್ಪಿಸಿದವನ ಪಾಲಿನಿಂದಲೇ ಕಳೆದುಹೋಗುತ್ತಿತ್ತು. ಅವರಲ್ಲಿ ಎರಡು ಎಕರೆಯ ಸಣ್ಣ ಹಿಡುವಳಿದಾರರೂ ಇದ್ದರು. ಸಿಟ್ಟು ಮಂಡಳಿಯ ಮೇಲೆ, ಪೆಟ್ಟು ಮಾತ್ರ ಮುಖ ಕಾಣದ ಇನ್ನೊಬ್ಬ ಬೆಳೆಗಾರನಿಗೆ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಈ ಕಟ್ಟು 1996ರಲ್ಲಿ ಪೂರ್ತಿ ಬಿಚ್ಚಿತು. ಹಿಂದೆ ಅಪರಾಧವಾಗಿದ್ದದ್ದು ಈಗ ಶನಿವಾರಸಂತೆಯ ಗೋದಾಮಿನಲ್ಲಿ ಹಾಡಹಗಲು ನಡೆಯುವ ವ್ಯಾಪಾರ.

ಅನ್ಯಾಯದ ಭಾವನೆ ಕಳ್ಳತನಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ಅಳತೆಗೆ ಸಿಗುವಂತೆ ತೋರಿಸಿದವರು ಅಮೆರಿಕದ ಸಂಶೋಧಕ ಜೆರಾಲ್ಡ್ ಗ್ರೀನ್‌ಬರ್ಗ್. 1990ರಲ್ಲಿ ಪ್ರಕಟವಾದ ಅವರ ಅಧ್ಯಯನ ಒಂದೇ ಕಂಪನಿಯ ಮೂರು ಕಾರ್ಖಾನೆಗಳದು. ಗುತ್ತಿಗೆಗಳು ಕೈತಪ್ಪಿದ್ದರಿಂದ ಎರಡು ಕಾರ್ಖಾನೆಗಳಲ್ಲಿ 10 ವಾರಗಳ ಕಾಲ ಶೇ. 15ರಷ್ಟು ಸಂಬಳ ಕಡಿತ ಮಾಡಬೇಕಾಯಿತು. ಮೂರನೆಯದರಲ್ಲಿ ಕಡಿತವಿರಲಿಲ್ಲ. ಒಂದು ಕಾರ್ಖಾನೆಯಲ್ಲಿ ಕಂಪನಿಯ ಮುಖ್ಯಸ್ಥ ಸುಮಾರು ಒಂದೂವರೆ ಗಂಟೆ ಕೂತು, ಲೆಕ್ಕಪತ್ರ ಮುಂದಿಟ್ಟು, ಯಾರನ್ನೂ ಕೆಲಸದಿಂದ ತೆಗೆಯದಿರಲು ಇದೊಂದೇ ದಾರಿಯೆಂದು ವಿವರಿಸಿ, ತನಗೂ ನೋವಾಗಿದೆ ಎಂದು ಹೇಳಿ ಪ್ರಶ್ನೆಗಳಿಗೆ ಉತ್ತರಿಸಿದ. ಇನ್ನೊಂದರಲ್ಲಿ ಹದಿನೈದೇ ನಿಮಿಷದಲ್ಲಿ ಸುದ್ದಿ ತಿಳಿಸಿ ಎದ್ದುಹೋದರು. ಆ ಹತ್ತು ವಾರಗಳಲ್ಲಿ ಕಾರ್ಖಾನೆಗಳ ಉಗ್ರಾಣದಿಂದ ಕಾಣೆಯಾದ ಸಾಮಾನಿನ ಲೆಕ್ಕ ಇಟ್ಟಿದ್ದರು. ಕಡಿತವಾದ ಎರಡೂ ಕಡೆ ಕಳವು ಹೆಚ್ಚಿತು, ಆದರೆ ಮಾತಾಡದೆ ಎದ್ದುಹೋದ ಕಡೆ ಅದು ಎದ್ದುಕಾಣುವಷ್ಟು ಹೆಚ್ಚು. ಸಂಬಳ ಮೊದಲಿನಂತಾದ ಮೇಲೆ ಕಳವೂ ಮೊದಲಿನ ಮಟ್ಟಕ್ಕೆ ಇಳಿಯಿತು.

ಈ ಅಧ್ಯಯನ ನನ್ನನ್ನು ಕಾಡುವುದು ಎರಡು ಕಾರ್ಖಾನೆಗಳಲ್ಲೂ ಕಳೆದುಹೋದ ಸಂಬಳ ಒಂದೇ ಆಗಿದ್ದರಿಂದ. ಕಡಿಮೆಯಾದ ಹಣಕ್ಕಿಂತ ತನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಎಂಬ ನೋವು ಹೆಚ್ಚು ಕೆಲಸ ಮಾಡಿತು. ಆ ದಿನಗಳ ಬೆಳೆಗಾರನನ್ನು ಕೂರಿಸಿ ಪೂಲಿನ ಲೆಕ್ಕವನ್ನು ಬಿಡಿಸಿ ಹೇಳಿದ್ದರೆ ಎಷ್ಟು ಚೀಲ ಹೊರಗೆ ಹೋಗುವುದು ತಪ್ಪುತ್ತಿತ್ತೋ.

ಕೊಡಗಿನ ಯಾವ ಊರಿಗೆ ಹೋದರೂ ಇನ್ನೊಂದು ಸಂಸ್ಥೆ ಎದುರಾಗುತ್ತದೆ. ಅದು ಸೊಸೈಟಿ, ಕಾಗದದ ಮೇಲೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಬೆಳೆಸಾಲ, ಒಡವೆ ಸಾಲ, ಗೊಬ್ಬರ, ಪಿಗ್ಮಿ ಠೇವಣಿ ಎಲ್ಲವೂ ಅಲ್ಲೇ. 1904ರ ಸಹಕಾರ ಕಾಯ್ದೆಯ ಬೆನ್ನಿಗೇ, 1905ರಲ್ಲಿ, ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದಿಂದ ನಮ್ಮ ನಾಡಿನ ಸಹಕಾರ ಚಳವಳಿ ಶುರುವಾಯಿತು. ಈ ಸಂಘಗಳ ಹಿಂದೆ ಜರ್ಮನಿಯ ರೈಫೀಸನ್ ರೂಪಿಸಿದ ಒಂದು ಉಪಾಯವಿತ್ತು. ಸಂಘ ಮುಳುಗಿದರೆ ಪ್ರತಿ ಸದಸ್ಯನೂ ತನ್ನ ಆಸ್ತಿಯ ಮಟ್ಟಿಗೂ ಹೊಣೆ. ಹಾಗಾಗಿ ಸಂಘ ಒಂದು ಹಳ್ಳಿಯಷ್ಟೇ ಇರಬೇಕು, ಎಲ್ಲರಿಗೂ ಎಲ್ಲರ ಗುಣ ಗೊತ್ತಿರಬೇಕು. ಬಡವನಿಗೆ ಒತ್ತೆ ಇಡಲು ಮರ್ಯಾದೆ ಬಿಟ್ಟರೆ ಬೇರೇನೂ ಇಲ್ಲದಾಗ ಮರ್ಯಾದೆಯನ್ನೇ ಭದ್ರತೆಯಾಗಿ ಒಪ್ಪಿಕೊಂಡ ಏರ್ಪಾಡು ಇದು. ಇದು ಕೆಲಸ ಮಾಡಿತು.

ಆದರೆ ಅದೇ ಮರ್ಯಾದೆ ಸಂಘವನ್ನು ಕೊರೆಯಲೂ ಬಲ್ಲದು. ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ಜೈಲುಗಳಲ್ಲಿದ್ದ ಹಣ ದುರುಪಯೋಗದ ಅಪರಾಧಿಗಳನ್ನು ಮಾತಾಡಿಸಿ 1953ರಲ್ಲಿ ಒಂದು ಪುಸ್ತಕ ಬರೆದರು. ಇವರೆಲ್ಲ ಹುಟ್ಟುಕಳ್ಳರಲ್ಲ, ನಂಬಿಕೆಯ ಜಾಗದಲ್ಲಿ ಕೂರಿಸಲ್ಪಟ್ಟವರು. ಅವರ ಕಥೆಗಳಲ್ಲಿ ಮೂರು ಅಂಶ ಮರಳಿ ಮರಳಿ ಬಂದವು. ಯಾರಲ್ಲೂ ಹೇಳಿಕೊಳ್ಳಲಾಗದ ಒಂದು ಹಣದ ಕಷ್ಟ, ಅದನ್ನು ಗುಟ್ಟಾಗಿ ನೀಗಿಸಿಕೊಳ್ಳಲು ಕೈಗೆಟುಕಿದ ಅವಕಾಶ, ಮತ್ತು ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುವ ಒಂದು ಮಾತು. ಆ ಮಾತು ಬಹುಪಾಲು ಒಂದೇ: ನಾನು ಕದಿಯುತ್ತಿಲ್ಲ, ಸಾಲ ತಗೊಂಡಿದ್ದೇನೆ, ವಾಪಸು ಇಡುತ್ತೇನೆ.

ಸೊಸೈಟಿಯ ಒಬ್ಬ ಗುಮಾಸ್ತನನ್ನು ಊಹಿಸಿಕೊಳ್ಳಿ. ಗುತ್ತಿಗೆಗೆ ಗದ್ದೆ ಹಿಡಿದು ಶುಂಠಿ ಹಾಕಿದ್ದಾನೆ. ಕೊಳೆರೋಗ ಅರ್ಧ ಬೆಳೆಯನ್ನು ತಿಂದಿತು, ಉಳಿದರ್ಧಕ್ಕೆ ಬೆಲೆಯಿಲ್ಲ. ಕೈಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುವ ಮೊದಲು ಅವನ ಕೈಯಲ್ಲಿ ಪಿಗ್ಮಿ ಸಂಗ್ರಹದ ಹಣವಿದೆ. ಸೋತೆನೆಂದು ಅಣ್ಣನ ಬಳಿ, ಅಧ್ಯಕ್ಷರ ಬಳಿ ಹೇಳಿಕೊಳ್ಳಲು ನಾಚಿಕೆ. ಸೋಮವಾರ ಕಟ್ಟಿದರಾಯಿತು ಎಂದುಕೊಳ್ಳುತ್ತಾನೆ. ಆ ಸೋಮವಾರ ಬರುವುದಿಲ್ಲ. ಹಣ ಎತ್ತಿಕೊಂಡ ಕೈಯ ಹಿಂದೆ ಆಸೆಗಿಂತ ನಾಚಿಕೆಯೇ ದೊಡ್ಡದಾಗಿತ್ತು.

ನಾಚಿಕೆಯನ್ನೂ ಪಶ್ಚಾತ್ತಾಪವನ್ನೂ ನಾವು ಒಂದೇ ಗುಂಪಿಗೆ ಸೇರಿಸುತ್ತೇವೆ. ಮನೋವಿಜ್ಞಾನಿ ಜೂನ್ ಟ್ಯಾಂಗ್ನಿ ಅವೆರಡನ್ನೂ ಬೇರ್ಪಡಿಸಿ ನೋಡಿದರು. ನಾನು ಕೆಟ್ಟ ಕೆಲಸ ಮಾಡಿದೆ ಎಂದು ಕೊರಗುವವನ ಕಣ್ಣು ತೊಂದರೆಗೊಳಗಾದವರ ಕಡೆ ಹೋಗುತ್ತದೆ. ಸರಿಪಡಿಸಬೇಕು, ಕ್ಷಮೆ ಕೇಳಬೇಕು ಎನಿಸುತ್ತದೆ. ನಾನೇ ಕೆಟ್ಟವನು, ಎಲ್ಲರ ಕಣ್ಣಲ್ಲಿ ಬಿದ್ದೆ ಎಂದು ಕುಗ್ಗುವವನು ಅಡಗಿಕೊಳ್ಳಲು ನೋಡುತ್ತಾನೆ, ಇಲ್ಲವೇ ತಪ್ಪನ್ನು ಬೇರೆಯವರ ಮೇಲೆ ಹೊರಿಸುತ್ತಾನೆ. ಟ್ಯಾಂಗ್ನಿ ಮತ್ತು ಸಂಗಡಿಗರು ನಾನೂರಕ್ಕೂ ಹೆಚ್ಚು ಕೈದಿಗಳನ್ನು ಬಿಡುಗಡೆಯ ನಂತರವೂ ಹಿಂಬಾಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊರಗುವ ಸ್ವಭಾವದವರು ಮತ್ತೆ ಅಪರಾಧಕ್ಕಿಳಿದದ್ದು ಕಡಿಮೆ. ನಾಚಿಕೆಯ ಜೊತೆ ಇತರರನ್ನು ದೂರುವ ಗುಣವೂ ಸೇರಿದ್ದಲ್ಲಿ ಫಲ ತಿರುಗುಮುರುಗು. ಲೆಕ್ಕದಲ್ಲಿ ತಪ್ಪು ಸಿಕ್ಕ ದಿನವೇ ಮಹಾಸಭೆಯಲ್ಲಿ ನಿಲ್ಲಿಸಿ ಛೀಮಾರಿ ಹಾಕುವ ನಮ್ಮ ಅಭ್ಯಾಸ ಮುಂದಿನ ತಪ್ಪನ್ನು ಇನ್ನಷ್ಟು ಆಳಕ್ಕೆ ಹೂಳಲು ಕಲಿಸುತ್ತದೆ. ಹಣ ಕಟ್ಟಲಾಗದೆ ತಾನಾಗಿ ಬಂದು ಹೇಳಿದವನಿಗೂ ಸಿಕ್ಕಿಬಿದ್ದವನಿಗೂ ಒಂದೇ ಶಿಕ್ಷೆಯಾದರೆ ಯಾರು ತಾನೇ ಬಂದು ಹೇಳುತ್ತಾರೆ?

ಮೊದಲ ಸಲ ಕೈ ನಡುಗಿದವನಿಗೆ ಹತ್ತನೇ ಸಲ ನಡುಗುವುದಿಲ್ಲ. ಇದರ ಮಿದುಳಿನ ಗುರುತನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಟಾಲಿ ಶರೋಟ್ ಮತ್ತು ನೀಲ್ ಗ್ಯಾರೆಟ್ ಅವರ ತಂಡ 2016ರಲ್ಲಿ ಪ್ರಕಟಿಸಿತು. ಸ್ಕ್ಯಾನರಿನೊಳಗೆ ಮಲಗಿದವರು ಜಾಡಿಯಲ್ಲಿ ಎಷ್ಟು ಚಿಲ್ಲರೆ ಹಣವಿದೆ ಎಂದು ಊಹಿಸಿ ಜೊತೆಗಾರನಿಗೆ ಸಲಹೆ ಕೊಡಬೇಕಿತ್ತು. ಸುಳ್ಳು ಹೇಳಿದರೆ ತಮಗೆ ಲಾಭ, ಜೊತೆಗಾರನಿಗೆ ನಷ್ಟ. ಮೊದಮೊದಲ ಸುಳ್ಳುಗಳಿಗೆ ಮಿದುಳಿನಾಳದ ಅಮಿಗ್ಡಲಾ ಜೋರಾಗಿ ಸ್ಪಂದಿಸಿತು. ಭಯ, ಕಳವಳಗಳ ಜೊತೆ ನಂಟಿರುವ ಭಾಗ ಅದು. ಸುಳ್ಳು ಮರುಕಳಿಸಿದಂತೆ ಸ್ಪಂದನ ಇಳಿಯಿತು, ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟಿದ ಹಾಗೆ. ಆ ಇಳಿತ ಎಷ್ಟಿತ್ತೋ ಮುಂದಿನ ಸುಳ್ಳು ಅಷ್ಟು ದೊಡ್ಡದಾಗುತ್ತಿತ್ತು. ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ತಪ್ಪೊಪ್ಪಿಗೆಯ ಪತ್ರ ಇದೇ ಏರಿಕೆಯ ದಾಖಲೆ. ಲೆಕ್ಕದ ಪುಸ್ತಕಕ್ಕೂ ನಿಜಕ್ಕೂ ನಡುವಿನ ಸಣ್ಣ ಅಂತರ ವರ್ಷದಿಂದ ವರ್ಷಕ್ಕೆ ಬೆಳೆದು, ಇಲ್ಲದ ನಗದೇ 5,040 ಕೋಟಿ ರೂಪಾಯಿ ಎಂದು ತೋರಿಸುವಲ್ಲಿಗೆ ಮುಟ್ಟಿತ್ತು. ಹುಲಿ ಸವಾರಿಯಂತಾಯಿತು, ಇಳಿದರೆ ಅದು ತಿನ್ನುತ್ತದೆಂಬ ಭಯವಿತ್ತು ಎಂದು ಅವರು ಬರೆದರು. ಶುರುವಿನಲ್ಲಿ ತಡೆಯಬಹುದಾಗಿದ್ದ ಭಯವೇ ಕೊನೆಯಲ್ಲಿ ನಿಲ್ಲಿಸಲು ಬಿಡದ ಭಯವಾಯಿತು.

ಇಲ್ಲಿ ಇಂಥ ಅಧ್ಯಯನಗಳ ಬಗ್ಗೆಯೇ ಒಂದು ಎಚ್ಚರಿಕೆ ಹೇಳಲೇಬೇಕು. ಫಾರಂನ ತಲೆಯಲ್ಲೇ ಪ್ರಾಮಾಣಿಕತೆಯ ಸಹಿ ಹಾಕಿಸಿಕೊಂಡರೆ ಜನ ಸುಳ್ಳು ಬರೆಯುವುದು ಕಡಿಮೆಯಾಗುತ್ತದೆ ಎಂದು 2012ರಲ್ಲಿ ಹೆಸರಾಂತ ಸಂಶೋಧಕರ ಪ್ರಬಂಧವೊಂದು ಹೇಳಿತ್ತು. ಅದರಲ್ಲಿದ್ದ ವಿಮಾ ಕಂಪನಿಯ ದತ್ತಾಂಶವೇ ಕಟ್ಟುಕಥೆಯೆಂದು ಬಯಲಾಗಿ 2021ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ವಿಶ್ವವಿದ್ಯಾಲಯವೂ ಒಂದು ಸಂಸ್ಥೆಯೇ. ಅಲ್ಲಿಯ ಪೈಪೋಟಿಯೂ ಅಳುಕನ್ನು ಸವೆಸುತ್ತದೆ.

ಇದೆಲ್ಲ ಒಬ್ಬೊಬ್ಬರ ಒಳಗೆ ನಡೆಯುವುದು. ಒಂದು ಇಡೀ ಆಡಳಿತಯಂತ್ರದ ಅಳುಕನ್ನು ಒಟ್ಟಾಗಿ ತೆಗೆದುಹಾಕಿದ ಉದಾಹರಣೆ ಬಳ್ಳಾರಿಯದು. ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಸಲ್ಲಿಸಿದ ಅಕ್ರಮ ಗಣಿಗಾರಿಕೆ ವರದಿಯಲ್ಲಿ 'ಝೀರೋ ರಿಸ್ಕ್' ಎಂದು ಕರೆಯಲಾದ ಒಂದು ವ್ಯವಸ್ಥೆಯ ವಿವರವಿದೆ. ಹಣ ಕೊಟ್ಟ ಅದಿರು ಸಾಗಣೆದಾರನ ಲಾರಿಯನ್ನು ಗಣಿ, ಅರಣ್ಯ, ಸಾರಿಗೆ, ಪೊಲೀಸ್ ಯಾವ ಇಲಾಖೆಯೂ ದಾರಿಯಲ್ಲಿ ತಡೆಯದಂತೆ ನೋಡಿಕೊಳ್ಳುವ ಏರ್ಪಾಡು ಅದು. ಸಾಗಿಸುವವನಿಗೆ ಸಿಕ್ಕಿಬೀಳುವ ಭಯವಿಲ್ಲ. ಚೆಕ್‌ಪೋಸ್ಟಿನವನು ಮಾಡಬೇಕಾದ್ದು ಒಂದು ಲಾರಿಯನ್ನು ನೋಡದಿರುವುದು, ಅಷ್ಟೇ. ಬರಿದಾದ ಬೆಟ್ಟ ಅವನ ಕಣ್ಣೆದುರಿಗಿಲ್ಲ, ಕೆಂಧೂಳು ಮುಚ್ಚಿದ ಹೊಲದ ಒಡೆಯ ಅವನಿಗೆ ಎದುರಾಗುವುದಿಲ್ಲ. ಶನಿವಾರಸಂತೆಯ ಗೋದಾಮಿನಲ್ಲಿ ಅಳುಕು ಹುಟ್ಟಿಸುವ ಮುಖ ಇಲ್ಲಿ ಇಲ್ಲವೇ ಇಲ್ಲ. ಅಪರಾಧವನ್ನು ಸಾವಿರ ತುಂಡು ಮಾಡಿ ಹಂಚಿದಾಗ ಒಬ್ಬೊಬ್ಬನ ಪಾಲಿಗೆ ಬರುವ ತುಂಡು ಎದೆಗೆ ತಟ್ಟದಷ್ಟು ಹಗುರವಾಗುತ್ತದೆ. ರಾಜ್ಯದ ಬೊಕ್ಕಸಕ್ಕೆ ಆದ ನಷ್ಟವನ್ನು ವರದಿ 16 ಸಾವಿರ ಕೋಟಿ ರೂಪಾಯಿಗೂ ಮೇಲೆಂದು ಅಂದಾಜಿಸಿತು, ನೂರಾರು ಅಧಿಕಾರಿಗಳತ್ತ ಬೊಟ್ಟು ಮಾಡಿತು.

ಆ ಜಾಲದೊಳಗೆ ತಡೆದು ನಿಂತವರೂ ಇದ್ದರು. 2010ರ ಮಾರ್ಚ್‌ನಲ್ಲಿ ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಬೇಲೆಕೇರಿ ಬಂದರಿನಲ್ಲಿ ಸುಮಾರು ಎಂಟು ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿಸಿದರು. ಜಪ್ತಿಯಾದ ಅದಿರಿನ ಬಹುಪಾಲು ಮುಂದೆ ಬಂದರಿನಿಂದ ಮಾಯವಾಯಿತು. ಅಕ್ರಮ ಹಿಡಿದ ಅಧಿಕಾರಿಯನ್ನೇ ಅಮಾನತು ಮಾಡುವ ಸರ್ಕಾರದ ನಡೆ ಕಂಡು ಸಂತೋಷ್ ಹೆಗ್ಡೆ ಜೂನ್ 23ರಂದು ರಾಜೀನಾಮೆ ಕೊಟ್ಟರು. ಜುಲೈ ಮೊದಲ ವಾರ ಅದನ್ನು ಹಿಂದಕ್ಕೆ ಪಡೆದು, ಮರುವರ್ಷ ವರದಿಯನ್ನು ಮುಗಿಸಿಯೇ ಹೊರಬಂದರು. ಆ ರಾಜೀನಾಮೆಯ ಹಿಂದೆ ಇದ್ದದ್ದು ಸಿಟ್ಟು, ತನಗಾಗಿ ಅಲ್ಲದ ಸಿಟ್ಟು. ಮನೋವಿಜ್ಞಾನಿಗಳಾದ ಜೆನಿಫರ್ ಲರ್ನರ್ ಮತ್ತು ಡಾಕರ್ ಕೆಲ್ಟ್ನರ್ 2001ರಲ್ಲಿ ತೋರಿಸಿದಂತೆ ಹೆದರಿದವನಿಗೆ ಅಪಾಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಸಿಟ್ಟಾದವನಿಗೆ ಸಣ್ಣದಾಗಿ. ವರ್ಗಾವಣೆ, ಅಮಾನತು, ಬೆದರಿಕೆಗಳ ಲೆಕ್ಕ ಹಾಕುತ್ತ ಕೂತವನು ಬಾಯಿ ಬಿಡುವುದಿಲ್ಲ. ಪೂಲಿನ ಬೆಳೆಗಾರನನ್ನು ಕಾನೂನು ಮುರಿಯಲು ಹುರಿದುಂಬಿಸಿದ್ದೂ ಸಿಟ್ಟೇ, ಬೇಲೆಕೇರಿಯ ಅದಿರನ್ನು ಸುದ್ದಿಯಾಗಿಸಿದ್ದೂ ಸಿಟ್ಟೇ. ಯಾರ ಸಲುವಾಗಿ ಹುಟ್ಟಿತು ಎಂಬುದರಲ್ಲಿ ವ್ಯತ್ಯಾಸ ಅಡಗಿದೆ.

ಎಲ್ಲರೂ ಇಂಥ ಧೈರ್ಯ ತೋರಲಿ ಎಂದು ಕಾಯುವ ಸಂಸ್ಥೆ ತನ್ನ ಕೆಲಸವನ್ನು ಮಾಡುತ್ತಿಲ್ಲ. ಸಂಶೋಧಕಿ ಏಮಿ ಎಡ್ಮಂಡ್ಸನ್ ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ಘಟಕಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬಹುದೆಂದು ನಿರೀಕ್ಷಿಸಿದ್ದರು. ಅಂಕಿಗಳು ಅಲ್ಲೇ ಹೆಚ್ಚು ತೋರಿಸಿದವು. ಒಳಹೊಕ್ಕು ನೋಡಿದಾಗ ಕಾರಣ ತಿಳಿಯಿತು. ಆ ತಂಡಗಳ ದಾದಿಯರು ತಪ್ಪಾದಾಗ ಹೆದರದೆ ಹೇಳುತ್ತಿದ್ದರು. ಉಳಿದೆಡೆ ತಪ್ಪುಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. 1996ರಲ್ಲಿ ಇದು ಪ್ರಕಟವಾಯಿತು. ನಮ್ಮ ಸೊಸೈಟಿಗಳ, ಬ್ಯಾಂಕುಗಳ, ಕಚೇರಿಗಳ ಪರಿಶೋಧನಾ ವರದಿಯಲ್ಲಿ ಆಕ್ಷೇಪಣೆಯೇ ಇಲ್ಲದ ವರ್ಷವನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಎಡ್ಮಂಡ್ಸನ್ ಅವರನ್ನು ಓದಿದ ಮೇಲೆ ನನಗೆ ಅಂಥ ವರ್ಷವೇ ಹೆಚ್ಚು ಅನುಮಾನದ್ದಾಗಿ ಕಾಣುತ್ತದೆ.

ಹೇಳಿದವರಿಗೆ ಈ ದೇಶದಲ್ಲಿ ಏನಾಗಿದೆ ಎಂಬುದನ್ನು ಬಿಟ್ಟು ಈ ಮಾತು ಮುಗಿಯದು. ಕೋಲಾರ ಚಿನ್ನದ ಗಣಿಯ ಊರಿನಿಂದ ಬಂದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿಯಾಗಿದ್ದ ಮಂಜುನಾಥ್ ಷಣ್ಮುಗಂ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ್ದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಬೆಂಗಳೂರಿನ ಗೃಹ ನಿರ್ಮಾಣ ಸಹಕಾರ ಸಂಘಗಳ ಅಕ್ರಮಗಳನ್ನು ಪರಿಶೋಧನೆಯಲ್ಲಿ ಬಯಲಿಗೆಳೆದಿದ್ದ ಸಹಕಾರ ಇಲಾಖೆಯ ಅಧಿಕಾರಿ ಎಸ್.ಪಿ. ಮಹಾಂತೇಶ್ 2012ರ ಮೇ ತಿಂಗಳಲ್ಲಿ ನಗರದ ರಸ್ತೆಯಲ್ಲಿ ಹಲ್ಲೆಗೊಳಗಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಒಂದು ಕಾಯ್ದೆಯನ್ನು ಅಂಗೀಕರಿಸಿತು, ಅದೇ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿಯವರ ಅಂಕಿತವೂ ಬಿತ್ತು. ಅದನ್ನು ಜಾರಿಗೆ ತರುವ ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಇನ್ನೂ ಹೊರಡಿಸಿಲ್ಲ.